ಒಂದೇ ಮನೆ, ಬೇರೆ ಬೇರೆ ನಂಬಿಕೆ: ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪಾಲಕರ ಜತೆ ಕೂತು ಮಾತಾಡುವಾಗ, ಅವರು ಬರೆಯುವ ಪತ್ರಗಳಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳುವವರಲ್ಲಿ ದಿನಾ ಲಿಂಗಪೂಜೆ ಮಾಡುವವರಿದ್ದಾರೆ, ಐದು ಹೊತ್ತು ನಮಾಜು ಮಾಡುವವರಿದ್ದಾರೆ, ಭಾನುವಾರ ಚರ್ಚಿಗೆ ಹೋಗುವವರಿದ್ದಾರೆ, ಯಾವುದನ್ನೂ ನಂಬದವರೂ ಇದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸಣ್ಣ ಮಕ್ಕಳ ವಿಷಯ, ಆಮೇಲೆ ಮನೆಯೊಳಗಿನ ಜಗಳ, ಬೆಳೆಯುವ ಮಕ್ಕಳು, ಕೊನೆಗೆ ಮದುವೆ, ಕಾನೂನಿನಂಥ ಬಿಗಿಯಾದ ಪ್ರಶ್ನೆಗಳು. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ನಡೆಯುತ್ತದೆ.

## ಸಣ್ಣ ಮಕ್ಕಳು

ಮಕ್ಕಳ ಮನಸ್ಸು ತೆರೆದಿರಬೇಕು ಅಂದ್ರ ದೇವರನ್ನ ಬಿಡಿಸಬೇಕು ಅಂತ ಏನು?

ಅಲ್ಲ. ವಾರ ತಪ್ಪದೆ ಸಿದ್ಧಾರೂಢ ಮಠಕ್ಕೆ ಹೋಗುವ ಮನೆಗಳಲ್ಲಿ ಮನಸ್ಸು ತೆರೆದ ಮಕ್ಕಳಿದ್ದಾರೆ. ದೇವರ ಜಗಲಿಯೇ ಇಲ್ಲದ ಮನೆಗಳಲ್ಲಿ ತಮ್ಮ ಮಾತೇ ಕೊನೆ ಅನ್ನುವ ಮಕ್ಕಳೂ ಇದ್ದಾರೆ. ನಾನು ನೋಡುವುದು ಇಷ್ಟೇ: ಮಗು ‘ನನಗ ಗೊತ್ತಿಲ್ಲ’ ಅಂತ ನಾಚಿಕೆ ಇಲ್ಲದೆ ಹೇಳುತ್ತದಾ? ತನಗೆ ಒಪ್ಪಿಗೆ ಇಲ್ಲದ ಮಾತನ್ನು, ಹೇಳಿದವರು ‘ಹೌದು, ನಾ ಹೇಳಿದ್ದು ಇದನ್ನ’ ಅನ್ನುವ ಹಾಗೆ ತಿರುಗಿ ಹೇಳಬಲ್ಲದಾ? ಇವೆರಡು ಬಂದರೆ ಮಗು ಮುಂದೆ ಪೂಜೆ ಮಾಡಲಿ, ಬಿಡಲಿ, ಚಿಂತೆ ಇಲ್ಲ.

ಐದು ವರ್ಷದ ಮಗಳು ‘ದೇವರು ಎಲ್ಲದಾನ? ಯಾಕ ಕಾಣಂಗಿಲ್ಲ?’ ಅಂತಾಳ. ಏನು ಹೇಳ್ಲಿ?

ಮೊದಲು ತಿರುಗಿ ಕೇಳಿ: ‘ನಿನಗೇನು ಅನಸ್ತದ?’ ಬಹಳ ಸಲ ಮಗುವಿನ ತಲೆಯಲ್ಲಿರುವುದು ಸಣ್ಣ ವಿಷಯ. ಗುಡಿಯೊಳಗಿನ ಮೂರ್ತಿ ನೈವೇದ್ಯ ತಿನ್ನುವುದಿಲ್ಲ ಯಾಕೆ ಅನ್ನುವಂಥದ್ದು. ದೊಡ್ಡ ವಿವರಣೆ ಅದಕ್ಕೆ ಬೇಕಾಗಿರುವುದಿಲ್ಲ.

ಆಮೇಲೆ ನಿಮ್ಮ ನಂಬಿಕೆಯನ್ನು ನಿಮ್ಮದು ಅಂತಲೇ ಹೇಳಿ. ‘ದೇವರು ಎಲ್ಲಾ ಕಡೆ ಅದಾನ ಅಂತ ನಾ ನಂಬೀನಿ. ನಿಮ್ಮ ಕಾಕಾ ಹಂಗ ನಂಬಂಗಿಲ್ಲ. ನಿನ್ನ ಗೆಳತಿ ಮನ್ಯಾಗ ದೇವರಿಗೆ ರೂಪ ಇಲ್ಲ ಅಂತಾರ. ನೀನೂ ವಿಚಾರ ಮಾಡು.’ ಇಷ್ಟು ಸಾಕು. ಸೂರ್ಯ ಪೂರ್ವಕ್ಕೆ ಮೂಡುತ್ತಾನೆ ಅನ್ನುವುದು ಬೇರೆ, ನಾವು ಹೀಗೆ ನಂಬುತ್ತೇವೆ ಅನ್ನುವುದು ಬೇರೆ. ಎರಡನ್ನೂ ಒಂದೇ ಧಾಟಿಯಲ್ಲಿ ಹೇಳದಿದ್ದರೆ ಮಗು ಆ ವ್ಯತ್ಯಾಸವನ್ನು ತಾನಾಗಿಯೇ ಹಿಡಿಯುತ್ತದೆ. ‘ಹಂಗೆಲ್ಲಾ ಕೇಳಬಾರದು, ಪಾಪ ಬರ್ತದ’ ಅಂತ ಮಾತ್ರ ಅನ್ನಬೇಡಿ. ಮಗು ಕೇಳುವುದನ್ನು ಬಿಡುವುದಿಲ್ಲ, ನಿಮ್ಮನ್ನು ಕೇಳುವುದನ್ನು ಬಿಡುತ್ತದೆ.

ಒಬ್ಬೊಬ್ಬರು ಒಂದೊಂದು ಹೇಳಿದ್ರ ಮಗು ಗೊಂದಲ ಆಗಂಗಿಲ್ಲೇನು?

ಹುಬ್ಬಳ್ಳಿಯ ಹಳೇ ಓಣಿಗಳಲ್ಲಿ ಮಕ್ಕಳು ಮನೆಯಲ್ಲಿ ಕನ್ನಡ, ಬಾಜೂಮನೆಯಲ್ಲಿ ಮರಾಠಿ, ಆಟದ ಬಯಲಲ್ಲಿ ಉರ್ದು ಮಾತಾಡುತ್ತಾರೆ. ಯಾರ ಜತೆ ಯಾವ ಮಾತು ಅಂತ ಯಾರೂ ಕಲಿಸಿರುವುದಿಲ್ಲ. ನಂಬಿಕೆಯ ವಿಷಯದಲ್ಲೂ ಅವರು ಹೀಗೇ. ಆಯಿ (ಅಜ್ಜಿ) ಊದುಬತ್ತಿ ಹಚ್ಚುತ್ತಾಳೆ, ಅಪ್ಪ ಹಚ್ಚುವುದಿಲ್ಲ. ಮಗುವಿಗೆ ಇದು ಮನೆಯ ಸಂಗತಿ, ಅಷ್ಟೇ.

ಮಗುವನ್ನು ಕಂಗಾಲು ಮಾಡುವುದು ಬೇರೆ. ಅಪ್ಪ ಮಗುವಿನ ಮುಂದೆ ‘ನಿಮ್ಮವ್ವಗ ಬುದ್ಧಿ ಇಲ್ಲ, ಕಲ್ಲಿಗೆ ಕೈ ಮುಗೀತಾಳ’ ಅಂದಾಗ. ಆಯಿ ‘ನಿಮ್ಮಪ್ಪಗ ಹೇಳಬ್ಯಾಡ’ ಅಂತ ಗುಟ್ಟಾಗಿ ಹರಕೆ ತೀರಿಸಲು ಕರೆದೊಯ್ದಾಗ. ಇಬ್ಬರನ್ನೂ ಪ್ರೀತಿಸುವ ಮಗು ಆಗ ಒಬ್ಬರನ್ನು ಆರಿಸಬೇಕಾಗುತ್ತದೆ. ಎಷ್ಟೋ ಮನೆಗಳ ಕಥೆ ಕೇಳಿದ ಮೇಲೆ ನನಗೆ ಖಾತ್ರಿಯಾಗಿರುವುದು ಇದೊಂದು: ಭಿನ್ನ ನಂಬಿಕೆಯನ್ನು ಮಕ್ಕಳು ಆರಾಮಾಗಿ ತಾಳುತ್ತಾರೆ. ಹೀಯಾಳಿಕೆಯನ್ನು, ಗುಟ್ಟನ್ನು ತಾಳಲಾರರು.

ಅಜ್ಜ ತೀರಿಕೊಂಡ್ರು. ‘ಅಜ್ಜ ಎಲ್ಲಿ ಹೋದ?’ ಅಂತ ಮಗ ದಿನಾ ಕೇಳ್ತಾನ. ಯಾರ ಮಾತು ಹೇಳ್ಬೇಕು?

ಮೊದಲು ದೇಹದ ಮಾತು. ‘ಅಜ್ಜನ ಹೃದಯ ನಿಂತಿತು. ಈಗ ಅಜ್ಜಗ ಉಸಿರಿಲ್ಲ, ನೋವಿಲ್ಲ, ಹಸಿವಿಲ್ಲ. ಅಜ್ಜ ತಿರುಗಿ ಬರೂದಿಲ್ಲ.’ ಹೇಳುವಾಗ ನಿಮ್ಮ ಗಂಟಲೇ ಕಟ್ಟಬಹುದು. ಆದರೂ ಹೇಳಿ. ‘ಮಲಗ್ಯಾನ’ ಅಂದರೆ ಮಗು ರಾತ್ರಿ ಮಲಗಲು ಅಂಜುತ್ತದೆ. ‘ಊರಿಗೆ ಹೋಗ್ಯಾನ’ ಅಂದರೆ ಬಾಗಿಲು ಕಾಯುತ್ತದೆ. ‘ಒಳ್ಳೇವರನ್ನ ದೇವರು ಲಗೂ ಕರ್ಕೊಳ್ತಾನ’ ಅನ್ನುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಮಗು ಒಳ್ಳೆಯವನಾಗಿರಲು ಅಂಜುತ್ತದೆ.

ನಮ್ಮ ಕಡೆ ಲಿಂಗಾಯತರಲ್ಲಿ ದೇಹವನ್ನು ಕೂಡ್ರಿಸಿ ಸಮಾಧಿ ಮಾಡುತ್ತಾರೆ. ಅದನ್ನು ನೋಡಿದ ಮಕ್ಕಳು ಕೇಳುವ ಒಂದು ಪ್ರಶ್ನೆ ಇದೆ: ‘ಮ್ಯಾಲೆ ಮಣ್ಣು ಹಾಕಿದ್ರಲ್ಲ, ಅಜ್ಜಗ ಉಸಿರು ಕಟ್ಟಂಗಿಲ್ಲಾ?’ ದೊಡ್ಡವರು ಇದಕ್ಕೆ ಬೆಚ್ಚಿಬೀಳುತ್ತಾರೆ. ದೇಹದ ಮಾತು ಮೊದಲೇ ಹೇಳಿದ್ದರೆ ಉತ್ತರ ಅದರಲ್ಲೇ ಇರುತ್ತದೆ.

ಇದಾದ ಮೇಲೆ ನಂಬಿಕೆಯ ಮಾತಿಗೆ ಜಾಗ ಇದೆ. ಲಿಂಗದಲ್ಲಿ ಐಕ್ಯವಾದ ಅಂತ ಆಯಿ ಹೇಳಲಿ, ಸ್ವರ್ಗಕ್ಕೆ ಹೋದ ಅಂತ ಅತ್ತೆ ಹೇಳಲಿ, ನಮ್ಮ ನೆನಪಿನಲ್ಲಿ ಇದ್ದಾನೆ ಅಂತ ಕಾಕಾ ಹೇಳಲಿ. ಮಗು ತನಗೆ ಸಮಾಧಾನ ಕೊಡುವ ಮಾತನ್ನು ಇಟ್ಟುಕೊಳ್ಳುತ್ತದೆ.

‘ದೇವರು ಕಣ್ಣು ಕಳೀತಾನ’ ಅಂದ್ರ ಮಾತು ಕೇಳ್ತಾನ. ಅದ್ರಾಗ ತಪ್ಪೇನು?

ಇವತ್ತು ಕೇಳುತ್ತಾನೆ. ನಾಳೆ ಆ ಮಾತು ಸುಳ್ಳು ಅಂತ ಗೊತ್ತಾದ ದಿನ ನಿಮ್ಮ ಮಾತೂ ಹೋಗುತ್ತದೆ, ನೀವು ನಂಬುವ ದೇವರೂ ಹೋಗುತ್ತಾನೆ. ತಂಗಿಗೆ ಹೊಡೆಯಬಾರದು ಯಾಕೆಂದರೆ ಅವಳಿಗೆ ನೋವಾಗುತ್ತದೆ. ಕಾರಣ ಅಷ್ಟೇ ಸಾಕು.

## ಮನೆಯೊಳಗೆ

ನಾ ಪೂಜಿ ಮಾಡ್ತೀನಿ, ನಮ್ಮನಿಯವರು ಏನೂ ನಂಬಂಗಿಲ್ಲ. ಮಗನ್ನ ಯಾರ ಪ್ರಕಾರ ಬೆಳಸೂದು?

ಇಬ್ಬರ ಪ್ರಕಾರವೂ. ಆದರೆ ಮೊದಲು ನೀವಿಬ್ಬರೇ, ಮಗು ಮಲಗಿದ ಮೇಲೆ ಕೂತು ಮಾತಾಡಿ. ಹೆಸರಿಡುವುದು, ಜವಳ, ಲಿಂಗಧಾರಣೆ ಅಥವಾ ಮುಂಜಿ, ಹಬ್ಬ, ಮಾಂಸದೂಟ, ಶಾಲೆಯ ಅರ್ಜಿಯಲ್ಲಿ ಧರ್ಮದ ಕಾಲಂ. ಜಗಳ ಹತ್ತುವುದು ಹೆಚ್ಚಾಗಿ ಇಲ್ಲೇ. ಮುಂದೆ ಬಿಡಬಹುದಾದ ಆಚರಣೆಗಳಲ್ಲಿ ಒಬ್ಬರಿಗೊಬ್ಬರು ಸಡಿಲ ಬಿಡಿ. ತಿರುಗಿ ಸರಿಮಾಡಲಾಗದ ವಿಷಯ ಇದ್ದರೆ ಇಬ್ಬರೂ ಮನಸಾರೆ ಒಪ್ಪುವವರೆಗೆ ತಡೆಯಿರಿ.

ನಂಬದ ಅಪ್ಪನಿಗೆ ಒಂದು ಮಾತು: ಪೂಜೆ ನಡೆಯುವಾಗ ಮೊಬೈಲ್ ನೋಡುತ್ತಾ ಕೂಡುವ ಬದಲು ಸುಮ್ನೆ ಅಲ್ಲೇ ಕೂಡಬಹುದು. ಕೈ ಮುಗಿಯಬೇಕಿಲ್ಲ. ನಂಬುವ ಅವ್ವನಿಗೆ ಒಂದು ಮಾತು: ಮಗುವಿಗೆ ಜ್ವರ ಬಂದಾಗ ‘ನಿಮ್ಮಪ್ಪ ಕೈ ಮುಗೀಲಿಲ್ಲ, ಅದಕ್ಕ’ ಅನ್ನಬೇಡಿ. ಆ ಮಾತಿನ ಗಾಯ ಎರಡೂ ಕಡೆ ಆಗುತ್ತದೆ.

ಕೂಸಿಗೆ ಹೊಟ್ಟಿ ಉಬ್ಬರಿಸಿದ್ರ ನಮ್ಮತ್ತಿ ಬರಿ ಹಾಕಸೂಣು ಅಂತಾರ. ತಾಯತ, ದೃಷ್ಟಿ ತಗಿಯೂದಂತೂ ದಿನಾ ಐತಿ. ಎಷ್ಟಕ್ಕ ಹೂಂ ಅನ್ಲಿ?

ಮಗುವಿನ ಮೈಗೆ ಏನಾಗುತ್ತದೆ ಅನ್ನುವುದೊಂದನ್ನೇ ನೋಡಿ. ಉಪ್ಪು, ಮೆಣಸಿನಕಾಯಿ ನಿವಾಳಿಸಿದರೆ ಏನೂ ಆಗುವುದಿಲ್ಲ. ಒಲೆಗೆ ಹಾಕಿದಾಗ ಘಾಟು ಕೂಸಿನ ಮೂಗಿಗೆ ಬಾರದಂತೆ ನೋಡಿಕೊಳ್ಳಿ. ಅತ್ತೆಗೂ ಮೊಮ್ಮಗುವಿನ ಬಗ್ಗೆ ಆತಂಕ ಇರುತ್ತದೆ ಅಲ್ವಾ, ಅದಕ್ಕೆ ಆಕೆ ಕಂಡುಕೊಂಡ ದಾರಿ ಅದು. ತಾಯತದ ದಾರ ಕೊರಳಿಗೆ ಬೇಡ, ಮಲಗಿದಾಗ ಬಿಗಿಯಬಹುದು. ಕಾಡಿಗೆ ಕಣ್ಣೊಳಗೆ ಬೇಡ, ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ಅಂಗಾಲಿಗೆ ಒಂದು ಬೊಟ್ಟು ಇಟ್ಟರೆ ಅತ್ತೆಗೂ ಸಮಾಧಾನ.

ಬರೆ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಸುಟ್ಟ ಗಾಯ. ಎಳೆ ಕೂಸಿಗೆ ಅದರಿಂದ ನಂಜಾಗಿ ಜೀವವೇ ಹೋಗಬಹುದು. ಇಲ್ಲಿ ಅತ್ತೆಯ ಮನಸ್ಸು ನೋಯುತ್ತದೆ ಅಂತ ಹಿಂಜರಿಯಬೇಡಿ. ಹಾವು, ಚೇಳು, ನಾಯಿ ಕಚ್ಚಿದಾಗಲೂ ಅಷ್ಟೇ: ಮೊದಲು ಆಸ್ಪತ್ರೆ. ಕಚ್ಚಿಸಿಕೊಂಡವರನ್ನು ಚಿಕಿತ್ಸೆಗೆ ಬಿಡದೆ ಮಂತ್ರ, ದಾರಕ್ಕೆ ಕೂಡ್ರಿಸುವುದು ಕರ್ನಾಟಕದ 2017ರ ಮೌಢ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. 2020ರಿಂದ ಅದು ಜಾರಿಯಲ್ಲಿದೆ. ಚಿಕಿತ್ಸೆ ಶುರುವಾದ ಮೇಲೆ ಯಾರು ಯಾವ ದೇವರಿಗೆ ಕಾಯಿ ಒಡೆಸಿದರೂ ನಿಮ್ಮದೇನೂ ಹೋಗುವುದಿಲ್ಲ.

ಗ್ರಹಣ ಬಂತಂದ್ರ ನಮ್ಮ ಮನ್ಯಾಗ ಜಗಳ. ಅತ್ತಿ ಹುಡುಗಗ ನೀರೂ ಕೊಡಂಗಿಲ್ಲ, ನಮ್ಮನಿಯವರು ಮಾಳಿಗಿ ಮ್ಯಾಲೆ ಕರ್ಕೊಂಡು ಹೋಗ್ತೀನಿ ಅಂತಾರ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿರಬಹುದು. ಅವತ್ತು ಬೆಳಗ್ಗೆ ಕಲಬುರಗಿ ಕಡೆ ಕೆಲವರು ಅಂಗವಿಕಲ ಮಕ್ಕಳನ್ನು ವಾಸಿಯಾಗಲಿ ಅಂತ ಕುತ್ತಿಗೆವರೆಗೆ ಮಣ್ಣಲ್ಲಿ ಹೂತು ನಿಲ್ಲಿಸಿದ್ದರು. ಅದೇ ಹೊತ್ತಿನಲ್ಲಿ ಬೇರೆ ಎಷ್ಟೋ ಕಡೆ ಮಕ್ಕಳು ಕುಡುಗೋಲಿನಂತಾದ ಸೂರ್ಯನನ್ನು ನೋಡಿ ಕುಣಿದರು. ನಮ್ಮ ಮಕ್ಕಳು ಯಾವ ಗುಂಪಿನಲ್ಲಿರಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಹಾಗಂತ ಅತ್ತೆಯ ಉಪವಾಸ ಕೆಡಿಸಬೇಕಿಲ್ಲ. ಆಕೆಯ ಉಪವಾಸ ಆಕೆಯದು, ಮಗುವಿನ ಊಟ ಮಗುವಿನದು. ಹಸಿದಾಗ ಉಣ್ಣಲಿ, ನೀರು ಕುಡಿಯಲಿ. ಬಸುರಿ ಹೆಣ್ಣುಮಕ್ಕಳಿಗೂ ಇದೇ ಮಾತು.

ಅಪ್ಪನಿಗೂ ಹೇಳುವುದಿದೆ. ಸೂರ್ಯಗ್ರಹಣವನ್ನು ಬರಿಗಣ್ಣಿಂದ ನೋಡಿಸಬೇಡಿ. ತಂಪು ಕನ್ನಡಕ, ಎಕ್ಸ್‌ರೇ ಹಾಳೆ ಯಾವುದೂ ನಡೆಯುವುದಿಲ್ಲ. ಗ್ರಹಣಕ್ಕೆಂದೇ ಮಾಡಿದ ಕನ್ನಡಕ ಸಿಗದಿದ್ದರೆ ಅಡುಗೆಮನೆಯಿಂದ ತೂತುಗಳು ದೂರ ದೂರ ಇರುವ ಜರಡಿ ತನ್ನಿ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಎದುರಿನ ಗೋಡೆಗೆ ಅದರ ನೆರಳು ಬೀಳುವಂತೆ ಹಿಡಿಯಿರಿ. ಜರಡಿಯ ಒಂದೊಂದು ತೂತಿನಿಂದಲೂ ಒಂದೊಂದು ಸಣ್ಣ ಕುಡುಗೋಲು ಗೋಡೆ ಮೇಲೆ ಮೂಡುತ್ತದೆ. ಚಂದ್ರ ಸರಿದಂತೆ ಅಷ್ಟೂ ಒಟ್ಟಿಗೆ ದಪ್ಪಗಾಗುತ್ತಾ ಹೋಗುತ್ತವೆ. ಬೇವಿನ ಮರದ ಕೆಳಗೂ ಇದೇ ಚಿತ್ರ ಬೀಳುತ್ತದೆ, ಎಲೆಗಳ ಸಂದಿ ಜರಡಿಯ ಕೆಲಸ ಮಾಡುತ್ತವೆ. ಪಡಸಾಲೆಯ ಗೋಡೆ ಮೇಲೆ ಬೀಳುವಂತೆ ಹಿಡಿದರೆ ಅತ್ತೆ ಹೊಸ್ತಿಲು ದಾಟದೆಯೇ ನೋಡಬಹುದು. ನೋಡಬೇಕು ಅಂತ ಆಕೆಗೂ ಆಸೆ ಇರುತ್ತದೆ, ಕೇಳಿ ನೋಡಿ. ಚಂದ್ರಗ್ರಹಣವನ್ನಂತೂ ಬರಿಗಣ್ಣಿಂದಲೇ ನೋಡಬಹುದು.

ಮಗ ಗೆಳೆಯನ ಮನ್ಯಾಗ ಬಿರಿಯಾನಿ ಉಂಡು ಬಂದಾನ. ನಾವು ಮಾಂಸ ಮುಟ್ಟಂಗಿಲ್ಲ. ಹೆಂಗ ಸುಧಾರಿಸಲಿ?

ಅವನು ಬಂದು ಹೇಳಿದನಾ, ನೀವೇ ಕಂಡುಹಿಡಿದಿರಾ? ತಾನಾಗಿ ಹೇಳಿದ್ದರೆ ಅರ್ಧ ಚಿಂತೆ ಬಿಡಿ, ನಿಮ್ಮ ಮೇಲೆ ಅವನಿಗೆ ನಂಬಿಕೆ ಇದೆ. ನಿಮ್ಮ ಮನೆಯ ಪದ್ಧತಿ ಇದು, ಅದಕ್ಕೆ ಕಾರಣ ಇದು, ನೀನು ಇದನ್ನು ನಡೆಸಿಕೊಂಡು ಹೋದರೆ ನಮಗೆ ಸಂತೋಷ ಅಂತ ಹೇಳುವ ಹಕ್ಕು ನಿಮಗಿದೆ. ‘ಹೊಲಸು ತಿಂದು ಬಂದೆ’ ಅನ್ನುವ ಹಕ್ಕು ಇಲ್ಲ. ಆ ಅನ್ನವನ್ನು ಒಬ್ಬ ತಾಯಿ ಪ್ರೀತಿಯಿಂದ ಬಡಿಸಿದ್ದಾಳೆ. ಸರಕಾರಿ ಶಾಲೆಗಳಲ್ಲಿ ಈಗ ಮೊಟ್ಟೆ ಕೊಡುತ್ತಾರೆ, ಬೇಡ ಅಂದವರಿಗೆ ಬಾಳೆಹಣ್ಣು. ಮಕ್ಕಳು ಒಂದೇ ಸಾಲಿನಲ್ಲಿ ಕೂತು ಎರಡನ್ನೂ ತಿನ್ನುತ್ತಾರೆ, ಜಗಳ ಇಲ್ಲ.

ಮಗಳು ದೊಡ್ಡಾಕಿ ಆದಳು. ಅತ್ತಿ ‘ಮೂರು ದಿನ ಹೊರಗ ಕುಂದ್ರು’ ಅಂತಾರ. ಮಗಳು ಅಳ್ತಾಳ, ನಾ ನಡುವ ಸಿಕ್ಕೀನಿ.

ನಡುವೆ ನಿಲ್ಲಬೇಡಿ, ಮಗಳ ಪಕ್ಕ ನಿಲ್ಲಿ. ಇದು ಎರಡು ಅಭಿಪ್ರಾಯಗಳ ಮಾತಲ್ಲ. ತನ್ನ ಮೈ ಹೊಲಸು ಅಂತ ಒಂದು ಹುಡುಗಿ ಕಲಿಯುತ್ತಾಳಾ ಅನ್ನುವ ಮಾತು. ಅತ್ತೆ ತಮ್ಮ ಪೂಜೆಯ ಸಾಮಾನು ಮುಟ್ಟಬೇಡ ಅಂದರೆ ಅದನ್ನು ನಡೆಸಿಕೊಡಬಹುದು, ಅದು ಅವರ ಜಗಲಿ. ಹಾಸಿಗೆ, ಅಡುಗೆಮನೆ, ಸ್ನಾನ, ಶಾಲೆ, ಆಟ ಇವುಗಳಲ್ಲಿ ರಾಜಿ ಬೇಡ.

ನಿಮ್ಮದು ಲಿಂಗಾಯತರ ಮನೆ ಆಗಿದ್ದರೆ ಅತ್ತೆಗೆ ಅವರ ಧರ್ಮದ ಮಾತನ್ನೇ ನೆನಪಿಸಿ. ಶರಣರು ಐದು ಸೂತಕಗಳನ್ನು ಅಲ್ಲಗಳೆದರು: ಜನನ, ಮರಣ, ಜಾತಿ, ಎಂಜಲು, ಮುಟ್ಟು. ಮೈಮೇಲೆ ಇಷ್ಟಲಿಂಗ ಇದ್ದವರಿಗೆ ಸೂತಕ ಇಲ್ಲ. ಇದು ಹೊರಗಿನವರು ತಂದ ವಿಚಾರ ಅಲ್ಲ. ಹೊರಗಿನವರ ವಾದಕ್ಕೆ ಬಗ್ಗದ ಎಷ್ಟೋ ಹಿರಿಯರು ತಮ್ಮ ಗುರುಗಳ ಮಾತಿಗೆ ಕಿವಿಗೊಡುತ್ತಾರೆ. ಬೇರೆ ಮನೆತನಗಳಲ್ಲೂ ಹೀಗೆ ಒಳಗಿನ ಮಾತು ಹುಡುಕಿದರೆ ಸಿಗುತ್ತದೆ.

## ಬೆಳೆಯುವ ಮಕ್ಕಳು

ದೇವರಗುಡ್ಡದ ಕಾರ್ಣಿಕ ಖರೇನಾ ಅಂತ ಮಗ ಕೇಳ್ತಾನ. ಅವರಜ್ಜ ಅದನ್ನ ಕೇಳೇ ಬಿತ್ತೂದು.

ಅಜ್ಜನನ್ನು ಸುಳ್ಳಾಗಿಸದೆ ಹುಡುಗನಿಗೆ ವಿಚಾರ ಮಾಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಮೊದಲು ಅಜ್ಜನ ಜತೆಯೇ ಕಳಿಸಿ. ರಾಣೇಬೆನ್ನೂರು ತಾಲೂಕಿನ ಆ ಗುಡ್ಡದಲ್ಲಿ ಆಯುಧಪೂಜೆಯ ದಿನ ಗೊರವಯ್ಯ ಎತ್ತರದ ಬಿಲ್ಲು ಏರುವುದು, ‘ಸದ್ದಲೇ’ ಅಂದ ಕೂಡಲೇ ಅಷ್ಟು ಜನ ಉಸಿರು ಬಿಗಿಹಿಡಿಯುವುದು, ಮುಂದಿನ ವರ್ಷದ ಭವಿಷ್ಯ ಅಂತ ಒಂದೇ ಒಂದು ಸಾಲು, ಅಂದರೆ ಕಾರ್ಣಿಕ, ನುಡಿದು ಕೆಳಗೆ ಬೀಳುವುದು. ಇದನ್ನೆಲ್ಲ ಹುಡುಗ ಕಣ್ಣಾರೆ ನೋಡಲಿ.

ಆಮೇಲೆ ಒಂದು ನೋಟ್‌ಬುಕ್ ಕೊಡಿ. ಎಡಗಡೆ ನುಡಿದ ಸಾಲು. ಬಲಗಡೆ ಅದೇ ದಿನ ಯಾರು ಯಾರು ಏನೇನು ಅರ್ಥ ಹೇಳಿದರು: ಅಜ್ಜ, ಚಹಾದಂಗಡಿಯವರು, ಮರುದಿನದ ಪೇಪರ್. ಮಳೆ ಅಂದವರು ಎಷ್ಟು, ರಾಜಕೀಯ ಅಂದವರು ಎಷ್ಟು? ಕೆಳಗೆ ಜಾಗ ಬಿಡಲಿ. ಮುಂದಿನ ವರ್ಷ ಹೋಗುವ ಮೊದಲು ಆ ಪುಟ ತೆಗೆದು, ನಡೆದದ್ದು ಏನು ಅಂತ ಅಜ್ಜನ ಜತೆಗೇ ಕೂತು ಬರೆಯಲಿ. ಅರ್ಥವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಇಲ್ಲಿ ಮುಖ್ಯ. ಘಟನೆ ಆದ ಮೇಲೆ ಅರ್ಥ ಹೇಳಿದರೆ ಯಾವ ಸಾಲನ್ನೂ ಯಾವುದಕ್ಕಾದರೂ ಹೊಂದಿಸಬಹುದು. ಕೆಲವು ವರ್ಷ ಕಳೆದರೆ ಹುಡುಗ ತಾನೇ ಒಂದು ನಿರ್ಧಾರಕ್ಕೆ ಬರುತ್ತಾನೆ. ಅಜ್ಜನ ಜತೆ ಗುಡ್ಡ ಹತ್ತಿದ್ದಂತೂ ಅವನದೇ ಆಗಿ ಉಳಿಯುತ್ತದೆ.

ಸಾಲಿಯಿಂದ ಬಂದು ಮಗ ‘ಆ ಮಂದಿ ಎಲ್ಲಾ ಹಂಗ’ ಅಂತಾನ. ನನ್ನ ಎದಿ ಧಸಕ್ಕಂತು.

ಬೈಯಬೇಡಿ. ಬೈದರೆ ಆ ಮಾತನ್ನು ನಿಮ್ಮ ಮುಂದೆ ಆಡುವುದನ್ನು ಬಿಡುತ್ತಾನೆ, ಅಷ್ಟೇ. ಕೇಳಿ: ‘ಯಾರು ಹೇಳಿದ್ರು? ಅವರಿಗೆ ಹೆಂಗ ಗೊತ್ತಾತು? ಎಲ್ಲಾರೂ ಅಂದ್ರ ಎಷ್ಟು ಮಂದಿನ್ನ ನೋಡ್ಯಾರ?’ ಇವನ್ನು ಪೊಲೀಸರ ದನಿಯಲ್ಲಿ ಕೇಳಬೇಡಿ, ನಿಮಗೂ ತಿಳಿಯಬೇಕಾಗಿದೆ ಅನ್ನುವ ದನಿಯಲ್ಲಿ ಕೇಳಿ.

‘ನಮ್ಮ ಓಣಿ ಕಾಕಾ ಒಳ್ಳೇವರಲ್ಲಾ?’ ಅನ್ನುವುದು ಎಲ್ಲರೂ ಕೊಡುವ ಉತ್ತರ. ಅದು ಸಾಲದು. ಮಕ್ಕಳು ಥಟ್ಟನೆ ‘ಅವರೊಬ್ಬರು ಬ್ಯಾರೆ’ ಅಂತಾರೆ. ಮುಂದಿನ ಹೆಜ್ಜೆ ಕೆಲಸ ಮಾಡುತ್ತದೆ: ‘ನಮ್ಮ ಮಂದ್ಯಾಗ ಒಬ್ಬ ಕಳ್ಳತನ ಮಾಡಿದ್ರ ನಿನ್ನನ್ನೂ ಕಳ್ಳ ಅನಬಹುದಾ?’ ಅನ್ಯಾಯ ಅಂದರೆ ಏನು ಅಂತ ಎಂಟು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ.

ಆಮೇಲೆ ಮನೆಯ ಕಡೆ ಕಿವಿ ಕೊಡಿ. ಊಟದ ಹೊತ್ತಿನಲ್ಲಿ ಬರುವ ಮಾತು, ಟಿ.ವಿ. ಚರ್ಚೆ, ಮನೆತನದ ವಾಟ್ಸಾಪ್ ಗುಂಪು. ಮಕ್ಕಳು ಓದುತ್ತಾರೆ.

ಮಾವ ಮನೆತನದ ವಾಟ್ಸಾಪ್ ಗುಂಪಿಗೆ ದ್ವೇಷದ ಮೆಸೇಜ್ ಹಾಕ್ತಾರ. ಹಿರಿಯರು, ಹೆಂಗ ಹೇಳೂದು?

ಗುಂಪಿನಲ್ಲಿ ಬೇಡ. ನಾಲ್ಕು ಜನರ ಮುಂದೆ ಹಿರಿಯರು ತಮ್ಮ ಮಾತು ತಿರುಗಿ ತಗೊಳ್ಳುವುದಿಲ್ಲ. ಫೋನ್ ಮಾಡಿ, ಅಥವಾ ಹೋಗಿ ಕೂತು, ‘ಮಾವಾರ, ಇದನ್ನ ಹುಡುಗ್ರೂ ಓದ್ತಾವ್ರಿ’ ಅಂತ ಹೇಳಿ. ಬಹಳ ಜನ ಅಷ್ಟಕ್ಕೇ ನಿಲ್ಲಿಸುತ್ತಾರೆ.

ಹಿಂದೂ-ಮುಸಲ್ಮಾನರು ಕೂಡಿ ಹಬ್ಬ ಮಾಡ್ತಿದ್ರು ಅಂದ್ರ ಮಗಳು ನಂಬಂಗಿಲ್ಲ. ಎಲ್ಲಿ ಕರ್ಕೊಂಡು ಹೋಗಿ ತೋರಸ್ಲಿ?

ದೂರ ಹೋಗಬೇಕಿಲ್ಲ. ಶಿಗ್ಗಾಂವಿ ತಾಲೂಕಿನ ಶಿಶುನಾಳಕ್ಕೆ ಹೋಗಿ. ಶರೀಫರು (1819–1889) ಮುಸಲ್ಮಾನ ಮನೆತನದಲ್ಲಿ ಹುಟ್ಟಿದವರು, ಅವರ ಗುರು ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು. ಗುರು ಶಿಷ್ಯನಿಗೆ ಜನಿವಾರ ಹಾಕಿದ ಕಥೆ, ಅದಕ್ಕೆ ಎರಡೂ ಕಡೆಯವರು ಸಿಟ್ಟಾದ ಕಥೆ ಅಲ್ಲಿನ ಹಿರಿಯರ ಬಾಯಲ್ಲಿ ಕೇಳಬೇಕು. ಗದ್ದುಗೆಗೆ ಇವತ್ತಿಗೂ ಇಬ್ಬರೂ ನಡೆದುಕೊಳ್ಳುತ್ತಾರೆ. ನವಲಗುಂದ ತಾಲೂಕಿನ ಯಮನೂರು ಜಾತ್ರೆಯಲ್ಲಿ ಒಬ್ಬನೇ ಸಂತನನ್ನು ಹಿಂದೂಗಳು ಚಾಂಗದೇವ ಅಂತಾರೆ, ಮುಸಲ್ಮಾನರು ರಾಜಾಬಾಗಸವಾರ ಅಂತಾರೆ, ಸಾಲು ಒಂದೇ. ಗದಗ ಜಿಲ್ಲೆಯ ಶಿರಹಟ್ಟಿಯ ಮಠದ ಗುರುಗಳ ಹೆಸರಲ್ಲೇ ‘ಫಕೀರ’ ಇದೆ. ಮೊಹರಂ ಹೊತ್ತಿನಲ್ಲಿ ಯಾವುದಾದರೂ ಹಳ್ಳಿಗೆ ಹೋದರೆ, ಅಲೈ ದೇವರಿಗೆ ಸಕ್ಕರೆ ಓದಿಸುವ ಸಾಲಿನಲ್ಲಿ ಕುಂಕುಮ ಹಚ್ಚಿದ ಹಣೆಗಳೇ ಬಹಳ.

ಒಂದೇ ದಿನ ಇರುವುದಾದರೆ ಲಕ್ಕುಂಡಿ ಮತ್ತು ಲಕ್ಷ್ಮೇಶ್ವರ ನೋಡಿ ಬನ್ನಿ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ, ಅದೇ ಊರಲ್ಲಿ ಕಾಶಿವಿಶ್ವೇಶ್ವರ ಗುಡಿಯೂ ಇದೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಶಂಖ ಬಸದಿ, ಜುಮ್ಮಾ ಮಸೀದಿ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೂ ಹೋಗಿ. ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು (1914–2010) ಜಾತಿ ಕೇಳದೆ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಜಾಗ ಅದು.

ಮಗಳು ದೊಡ್ಡವಳಾಗಿದ್ದರೆ ಇನ್ನೊಂದು ಮುಖವನ್ನೂ ಹೇಳಿ. ಹುಬ್ಬಳ್ಳಿಯ ಈದ್ಗಾ ಮೈದಾನದ ಜಗಳ, 1994ರ ಆಗಸ್ಟ್ 15ರ ಗೋಲಿಬಾರ್, ಸತ್ತವರು. ಕೂಡಿ ಬಾಳಿದ್ದು ಎಷ್ಟು ನಿಜವೋ ಇದೂ ಅಷ್ಟೇ ನಿಜ. ಸಿಹಿಯನ್ನಷ್ಟೇ ಹೇಳಿದರೆ ಉಳಿದದ್ದನ್ನು ಬೇರೆ ಯಾರೋ ತಮಗೆ ಬೇಕಾದಂತೆ ಹೇಳುತ್ತಾರೆ.

ನಾವು ದೇವರನ್ನ ನಂಬಂಗಿಲ್ಲ. ಮಗ ಪಿಯುಸಿಗೆ ಬಂದ ಮ್ಯಾಲೆ ಮಠಕ್ಕ ಹೋಗಾಕ ಶುರು ಮಾಡ್ಯಾನ. ಎಲ್ಲಿ ತಪ್ಪಿತು?

ಎಲ್ಲೂ ತಪ್ಪಿಲ್ಲ. ನಿಮ್ಮ ಮಗ ಸ್ವಂತ ವಿಚಾರ ಮಾಡಿದ್ದಾನೆ. ಅವನು ಅಲ್ಲಿ ಏನು ಕಾಣುತ್ತಾನೆ ಅಂತ ಕೇಳಿ: ಭಜನೆಯಾ, ಗೆಳೆಯರಾ, ಪರೀಕ್ಷೆಯ ಚಿಂತೆ ಇಳಿಯುತ್ತದಾ? ಒಮ್ಮೆ ಜತೆಗೆ ಹೋಗಿ ಪ್ರಸಾದ ಉಂಡು ಬನ್ನಿ. ದುಡ್ಡು ಕೇಳಿದರೆ, ಮನೆಯವರ ಜತೆ ಮಾತು ಬಿಡು ಅಂದರೆ, ಓದು ಬಿಡಿಸಿದರೆ ಆಗ ಎಚ್ಚರ. ಬರೀ ಭಕ್ತಿಗೆ ಅಂಜಬೇಡಿ.

ಸಾಲ್ಯಾಗ ಒಂದು ಧರ್ಮದ ಪ್ರಾರ್ಥನೆ ಹೇಳಸ್ತಾರ. ಬ್ಯಾಡ ಅನ್ನಬಹುದಾ?

ಪೂರ್ತಿ ಸರಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವನ್ನು ಧಾರ್ಮಿಕ ಬೋಧನೆಗೆ ಅಥವಾ ಪೂಜೆಗೆ ಕೂಡ್ರಿಸಬೇಕಾದರೆ ಪಾಲಕರ ಒಪ್ಪಿಗೆ ಬೇಕು. ಸಂವಿಧಾನದ 28ನೇ ವಿಧಿ ಇದನ್ನು ಹೇಳುತ್ತದೆ. ಮೊದಲು ಹೆಡ್‌ಮಾಸ್ತರರ ಹತ್ತಿರ ಶಾಂತವಾಗಿ ಮಾತಾಡಿ. ಮಗುವಿಗೆ ತಾನೊಬ್ಬನೇ ಹೊರಗೆ ನಿಲ್ಲಲು ಮುಜುಗರ ಅಂದರೆ ಅವನ ಮಾತಿಗೂ ಬೆಲೆ ಕೊಡಿ.

## ಬಿಗಿಯಾದ ಪ್ರಶ್ನೆಗಳು

ಕಲಬುರ್ಗಿ ಸರ್‌ನ ಯಾಕ ಕೊಂದ್ರು ಅಂತ ಮಗಳು ಕೇಳಿದಳು. ನನಗ ಬಾಯಿ ಕಟ್ಟಿದಂಗಾತು.

ನಡೆದದ್ದನ್ನು ಹೇಳಿ. ಎಂ.ಎಂ. ಕಲಬುರ್ಗಿಯವರು ವಚನ, ಶಾಸನಗಳ ದೊಡ್ಡ ಸಂಶೋಧಕರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಆಗಿದ್ದವರು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದ ಅವರ ಮನೆ ಬಾಗಿಲಿಗೇ ಬಂದು ಗುಂಡು ಹಾರಿಸಿದರು. ಅವರ ಮಾತು ಎಷ್ಟೋ ಜನರಿಗೆ ಒಪ್ಪಿಗೆ ಇರಲಿಲ್ಲ. ಒಪ್ಪದವರಲ್ಲಿ ಬಹಳ ಜನ ಲೇಖನ ಬರೆದರು, ಸಭೆಯಲ್ಲಿ ಎದುರು ಮಾತಾಡಿದರು. ಅದು ಸರಿಯಾದ ದಾರಿ. ಕೊಂದವರು ಮಾಡಿದ್ದು ಅಪರಾಧ.

‘ಅದಕ್ಕ ನೀ ಬಾಯಿ ಮುಚ್ಕೊಂಡಿರು’ ಅಂತ ಮಾತು ಮುಗಿಸಬೇಡಿ, ಗುಂಡು ಹಾರಿಸಿದವರಿಗೆ ಬೇಕಾಗಿದ್ದದ್ದೂ ಅದೇ. ಪ್ರಶ್ನೆ ಕೇಳುವ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿಯಲ್ಲೇ ಬರೆದಿದೆ. ಅದನ್ನು ತೆಗೆದು ತೋರಿಸಿ. ಮಗಳು ಅಂಜಿದ್ದರೆ, ಈ ಮನೆಯಲ್ಲಿ ಏನು ಕೇಳಿದರೂ ಯಾರೂ ನಿನ್ನನ್ನು ಬೈಯುವುದಿಲ್ಲ ಅಂತ ಪಕ್ಕದಲ್ಲಿ ಕೂಡ್ರಿಸಿಕೊಂಡು ಹೇಳಿ.

ಮಗಳು ಬ್ಯಾರೆ ಜಾತಿ, ಬ್ಯಾರೆ ಧರ್ಮದ ಹುಡುಗನ್ನ ಮದಿವಿ ಆಗ್ತೀನಿ ಅಂತಾಳ. ಕಾನೂನು ಏನು? ಮಂದಿಗೆ ಏನು ಹೇಳೂದು?

ಕಾನೂನಿನ ಮಾತು ಸರಳ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ್ದರೆ ನಿರ್ಧಾರ ಅವರದು. ಹಿಂದೂ ವಿವಾಹ ಕಾಯ್ದೆ 1955 ಹಿಂದೂ, ಲಿಂಗಾಯತ, ಜೈನ, ಬೌದ್ಧ, ಸಿಖ್ ಎಲ್ಲರಿಗೂ ಅನ್ವಯ. ಆದ್ದರಿಂದ ಲಿಂಗಾಯತ ಹುಡುಗಿ, ಜೈನ ಹುಡುಗ ಅಂದರೆ ಬೇರೆ ಕಾಯ್ದೆ ಬೇಕಿಲ್ಲ. ಮುಸ್ಲಿಂ, ಕ್ರೈಸ್ತರ ಜತೆ, ಇಬ್ಬರೂ ತಮ್ಮ ಧರ್ಮ ಬಿಡದೆ ಮದುವೆ ಆಗಬೇಕಾದರೆ ವಿಶೇಷ ವಿವಾಹ ಕಾಯ್ದೆ 1954 ಇದೆ. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. 30 ದಿನ ಆಕ್ಷೇಪಣೆಗೆ ಅವಕಾಶ. ಮದುವೆಗೆ ಮೂವರು ಸಾಕ್ಷಿಗಳು ಬೇಕು. ಆಸ್ತಿ ಇರುವ ಮನೆಯವರು ಒಂದನ್ನು ತಿಳಿದಿರಬೇಕು: ಹಿಂದೂ ಅವಿಭಕ್ತ ಕುಟುಂಬದವರು ಈ ಕಾಯ್ದೆಯಡಿ ಬೇರೆ ಧರ್ಮದವರನ್ನು ಮದುವೆಯಾದರೆ ಕುಟುಂಬದಿಂದ ಬೇರ್ಪಟ್ಟಂತೆ ಲೆಕ್ಕ, ವಾರಸಾಹಕ್ಕಿಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವಕೀಲರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಮಂದಿಯ ಮಾತು ಕಷ್ಟದ್ದು. ಹುಡುಗನ ದುಡಿಮೆ, ಸ್ವಭಾವ, ಚಟ, ಮನೆಯವರು ಇವನ್ನೆಲ್ಲ ಸ್ವಜಾತಿಯ ವರನಾಗಿದ್ದರೆ ಎಷ್ಟು ವಿಚಾರಿಸುತ್ತಿದ್ದಿರೋ ಅಷ್ಟೇ ವಿಚಾರಿಸಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಬಸವ ಜಯಂತಿಗೆ ಮೆರವಣಿಗೆ ಮಾಡುವ ನಾವು 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಮಾಡಿಸಿದ್ದನ್ನು, ಅದಕ್ಕೆ ತೆತ್ತ ಬೆಲೆಯನ್ನು ಭಾಷಣದಲ್ಲಷ್ಟೇ ನೆನೆದರೆ ಮಕ್ಕಳು ನಮ್ಮನ್ನು ನಂಬುವುದಾದರೂ ಹೇಗೆ?

ಮರ್ಯಾದೆಯ ಹೆಸರಲ್ಲಿ ಕೊಲೆ ನಮ್ಮ ಜಿಲ್ಲೆಗಳಲ್ಲೂ ಆಗಿವೆ. ಮನೆತನದಲ್ಲಿ ಯಾರಾದರೂ ಹಾಗೆ ಗುಡುಗಿದರೆ ಬಾಯಿಮಾತು ಅಂತ ಬಿಡಬೇಡಿ. 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಪೊಲೀಸರಿಗೆ ಬರವಣಿಗೆಯಲ್ಲಿ ದೂರು ಕೊಡಿ.

ನಂಬಿಕೆ ಸಲುವಾಗಿ ಅಣ್ಣ-ತಮ್ಮಂದಿರು ಮಾತು ಬಿಟ್ಟು ವರ್ಷಗಟ್ಟಲೆ ಆತು. ಹುಡುಗ್ರು ಒಬ್ರನ್ನೊಬ್ರು ಕೇಳ್ತಾವ. ಹೆಂಗ ಶುರು ಮಾಡೂದು?

ವಾದ ಮುಗಿಸಲು ಹೋಗಬೇಡಿ. ಅದು ಹಾಗೇ ಇರಲಿ. ಹುಡುಗರನ್ನು ಮುಂದೆ ಬಿಡಿ: ಪಂಚಮಿಯ ಜೋಕಾಲಿಗೆ, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವಾಗ, ದಸರೆಯಲ್ಲಿ ಬನ್ನಿ ಕೊಡಲು ಕಳಿಸಿ. ಬನ್ನಿ ಕೊಡಲು ಬಂದ ಹುಡುಗರನ್ನು ಬಾಗಿಲಲ್ಲಿ ನಿಲ್ಲಿಸುವ ಮನೆ ನಮ್ಮ ಕಡೆ ಇಲ್ಲ. ಹೋದಾಗ ಹಳೇ ಜಗಳ ಎತ್ತಬಾರದು, ಅವರು ಎತ್ತಿದರೂ ‘ಇನ್ನೊಮ್ಮೆ ಮಾತಾಡೋಣ’ ಅಂತ ಬಿಡಬೇಕು. ಕ್ಷಮೆ, ತೀರ್ಪು ಎಲ್ಲ ನಂತರ, ಬೇಕಾದರೆ.

ಹುಡುಗಿ ‘ಪಾಪ ಬರ್ತದ’ ಅಂತ ರಾತ್ರಿ ನಿದ್ದಿ ಮಾಡಂಗಿಲ್ಲ, ಹತ್ತ ಸಲ ಕೈ ತೊಳಕೊಳ್ತಾಳ. ಇದೂ ನಂಬಿಕೀನಾ?

ಇದನ್ನು ನಂಬಿಕೆಯ ಚರ್ಚೆ ಮಾಡಬೇಡಿ, ಡಾಕ್ಟರಿಗೆ ತೋರಿಸಿ. ಕೆಲವು ಮಕ್ಕಳಲ್ಲಿ ಆತಂಕದ ಕಾಯಿಲೆ, ಗೀಳು ಕಾಯಿಲೆ ದೇವರ ಭಯದ ರೂಪದಲ್ಲಿ ಕಾಣುತ್ತದೆ. ‘ದೇವರೇ ಇಲ್ಲ, ಅಂಜಬ್ಯಾಡ’ ಅನ್ನುವುದೂ, ‘ಇನ್ನೊಂದು ಪೂಜಿ ಮಾಡಿಸೋಣ’ ಅನ್ನುವುದೂ ಇದಕ್ಕೆ ಔಷಧ ಆಗುವುದಿಲ್ಲ. ಚಿಕಿತ್ಸೆಯಿಂದ ಚೆನ್ನಾಗಿ ಕಡಿಮೆಯಾಗುತ್ತದೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯದ ಸರಕಾರಿ ಸಂಸ್ಥೆ. ಹೋಗುವ ಮೊದಲು ಫೋನಲ್ಲಿ ಮಾತಾಡಬೇಕು ಅಂದರೆ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವನ್ನು ಯಾರಾದರೂ ಹೆದರಿಸಿ, ಹೊಡೆದು, ಕೂಡಿಹಾಕಿ ಆಚರಣೆ ಮಾಡಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ನೆರೆಮನೆಯವರೂ ಕರೆ ಮಾಡಬಹುದು.